ಮಾಳಿಗೆಯಿಂದ ಬಿದ್ದ ಎರಡು ಕಲ್ಲು

ಕೈಯಲ್ಲಿದ್ದ ಕಲ್ಲು ಬಿಟ್ಟರೆ ಕೆಳಗೆ ಬೀಳುತ್ತದೆ. ಇದನ್ನು ಮಕ್ಕಳಿಗೆ ತೋರಿಸುವುದರಲ್ಲಿ ಜಗಳ ಆಗುವಂಥದ್ದೇನಿದೆ ಅಂತ ನೀವು ಕೇಳಬಹುದು. ನನ್ನನ್ನು ಕೇಳಿ. ಪ್ರತಿ ವರ್ಷ ಗುರುತ್ವಾಕರ್ಷಣೆಯ ಪಾಠ ಬಂತೆಂದರೆ, ಕಲ್ಲು ನೆಲಕ್ಕೆ ಬೀಳುವ ಮೊದಲು ನನ್ನ ತಲೆಯ ಮೇಲೆ ಏನಾದರೊಂದು ಬಿದ್ದಿರುತ್ತದೆ. ನಾನು ಮಡಕಶಿರದ ಕಡೆಯವಳು. ಕೆಲಸ ಮಾತ್ರ ರಾಯದುರ್ಗದಿಂದ ಬೆಳುಗುಪ್ಪಕ್ಕೆ ಹೋಗುವ ದಾರಿಯ ಒಂದು ಗಡಿನಾಡ ಹಳ್ಳಿಯಲ್ಲಿ, ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯ ವಿಜ್ಞಾನದ ಟೀಚರ್. ನನಗೆ ಮೂಗಿನ ತುದಿಯಲ್ಲೇ ಕೋಪ. ಇದು ಊರಿಗೆಲ್ಲ ಗೊತ್ತು. ಬಸ್ಸಿನ ಕಂಡಕ್ಟರ್ ಕೂಡ ನನ್ನ ಹತ್ತಿರ ಎಲ್ಲಿ ಇಳೀತೀರಿ ಅಂತ ಎರಡನೇ ಸಲ ಕೇಳುವುದಿಲ್ಲ. ಆದರೆ ಈ ವರ್ಷ ಬಂದ ಕೋಪಕ್ಕೆ ಕಾರಣಗಳಿದ್ದವು. ಕೇಳಿ, ನೀವೇ ಹೇಳಿ.

ಕಣದ ವಿಜ್ಞಾನ

ಏಳನೇ ಕ್ಲಾಸಿಗೆ ಹೋಗಿ, ಒಂದು ಕೈಯಲ್ಲಿ ತೆಂಗಿನಕಾಯಿ ಗಾತ್ರದ ಕಲ್ಲು, ಇನ್ನೊಂದರಲ್ಲಿ ನಿಂಬೆಹಣ್ಣಿನಷ್ಟು ಕಲ್ಲು ಹಿಡಿದು ನಿಂತೆ.

"ಎರಡನ್ನೂ ಒಟ್ಟಿಗೆ ಬಿಟ್ರೆ ಯಾವುದು ಮೊದಲು ಬೀಳುತ್ತೆ?"

"ದೊಡ್ಡದ್ರೀ!" ಇಡೀ ಕ್ಲಾಸು ಕೂಗಿತು.

"ತಪ್ಪು. ಎರಡೂ ಒಟ್ಟಿಗೇ ಬೀಳ್ತವೆ."

ಮೂಲೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಶಾಲಾ ಕಮಿಟಿಯ ಚೇರ್ಮನ್ ಮಗಳು. ಅಪ್ಪ ಶೇಂಗಾ ಬೆಳೆಯುವ ರೈತ.

"ಸುಳ್ರೀ ಟೀಚರ್. ಕಣದಾಗ ಶೇಂಗಾ ತೂರ್ತೀವಲ್ರಿ? ಗಟ್ಟಿ ಕಾಯಿ ಕಾಲ ಬುಡಕ ಬೀಳ್ತಾವ. ಜೊಳ್ಳು ಆಮ್ಯಾಲ, ದೂರ ಹೋಗಿ ಬೀಳ್ತಾವ."

ನನ್ನ ಇಷ್ಟು ವರ್ಷದ ಪಾಠದಲ್ಲಿ ಯಾವ ಮಗುವೂ ಎದ್ದು ನಿಂತು ಇಂಥ ಮಾತು ಆಡಿರಲಿಲ್ಲ. ಖುಷಿಯಾಯಿತು. ಸೋತೆನೆಂದು ಮೈಯೂ ಉರಿಯಿತು.

"ಅದು ಗಾಳಿಯ ಕೆಲಸ ಕಣಮ್ಮ. ಗಾಳಿ ಜೊಳ್ಳನ್ನ ತಡೆಯುತ್ತೆ, ತಳ್ಳುತ್ತೆ. ಗಾಳೀನೇ ಇಲ್ಲ ಅಂತ ಇಟ್ಕೋ. ಆಗ?"

ಹುಡುಗಿ ನನ್ನನ್ನು ಕನಿಕರದಿಂದ ನೋಡಿದಳು.

"ಗಾಳಿ ಇಲ್ದಾಗ ಯಾರು ತೂರ್ತಾರ್ರೀ ಟೀಚರ್?"

ಫೋಟೋ

ಮೇಜಿನ ಮೇಲೆ ಹತ್ತಿ ಕಲ್ಲು ಬಿಟ್ಟು ನೋಡಿದೆ. ಎತ್ತರ ಸಾಲದು; ಅರ್ಧ ಕ್ಲಾಸು ಒಟ್ಟಿಗೆ ಅಂತು, ಅರ್ಧ ಕ್ಲಾಸು ದೊಡ್ಡದೇ ಮೊದಲು ಅಂತು. ಮಾಳಿಗೆಯ ಮೇಲಿಂದಲೇ ಬಿಡಬೇಕು. ನಮ್ಮ ಶಾಲೆಗೆ ಮಾಳಿಗೆ ಇದೆ, ಮೆಟ್ಟಿಲಿಲ್ಲ. ಮರುದಿನ ಪಕ್ಕದ ಮನೆಯಿಂದ ಏಣಿ ತರಿಸಿ, ಸೀರೆಯ ನೆರಿಗೆ ಸಿಕ್ಕಿಸಿಕೊಂಡು, ದೇವರ ಹೆಸರು ಹೇಳುತ್ತ ಹತ್ತಿದೆ. ಮಕ್ಕಳು ಕೆಳಗೆ ಸಾಲಾಗಿ, ದೂರದಲ್ಲಿ ನಿಂತರು.

ಅಷ್ಟರಲ್ಲಿ ಹೆಡ್‌ಮಾಸ್ಟರು ಫೋನು ಹಿಡಿದು ಓಡಿ ಬಂದರು. ಶೌಚಾಲಯ ತೊಳೆದದ್ದಕ್ಕೆ ಫೋಟೋ, ಮೊಟ್ಟೆ ಬಡಿಸಿದ್ದಕ್ಕೆ ಫೋಟೋ, ಈಗ ಪ್ರಯೋಗ ಮಾಡಿದ್ದಕ್ಕೂ ಫೋಟೋ ಕಳಿಸಬೇಕಂತೆ. ಮಗು ಕಲಿಯಿತೋ ಇಲ್ಲವೋ ಅಂತ ಕೇಳುವ ಒಬ್ಬ ಆಫೀಸರ್ ಇಲ್ಲ, ಫೋಟೋ ಬಂತೇ ಅಂತ ಕೇಳಲು ಹತ್ತು ಜನ!

ಕಲ್ಲು ಬಿಟ್ಟೆ.

"ಮೇಡಂ, ಕಲ್ಲು ಫೋಟೋದಾಗ ಬರವಲ್ವು. ಇನ್ನೊಮ್ಮೆ."

ಹುಡುಗರು ಕಲ್ಲು ತಂದುಕೊಟ್ಟರು. ಮತ್ತೆ ಬಿಟ್ಟೆ.

"ಬರವಲ್ವು ಮೇಡಂ. ಸ್ವಲ್ಪ ನಿಧಾನ ಬೀಳ್ಸ್ರಿ."

ಬಿಸಿಲಿಗೆ ಮಾಳಿಗೆ ಕಾದು ಕಾಲು ಸುಡುತ್ತಿತ್ತು. ಅದಕ್ಕಿಂತ ಹೆಚ್ಚು ತಲೆ ಸುಡುತ್ತಿತ್ತು. ಮೂರನೇ ಸಲ ಬಿಟ್ಟು, ಕೆಳಗೆ ಬಗ್ಗಿ ಕೇಳಿದೆ: "ಮಕ್ಕಳೇ, ನೋಡಿದ್ರಾ? ಹೇಗೆ ಬಿದ್ದವು?"

ಒಬ್ಬರೂ ನೋಡಿರಲಿಲ್ಲ. ಹೆಡ್‌ಮಾಸ್ಟರು ಎಲ್ಲರಿಗೂ ಫೋನಿನ ಕಡೆ ನೋಡಿ ನಗಬೇಕು ಅಂತ ಹೇಳಿದ್ದರಂತೆ. ನನ್ನ ಬಾಯಿಗೆ ಏನೇನೋ ಬಂತು, ಮಕ್ಕಳಿದ್ದಾರೆಂದು ನುಂಗಿಕೊಂಡೆ. ಅವರು ಮಾತ್ರ ಫೋನನ್ನು ಇನ್ನೂ ಮೇಲೆತ್ತಿ ಹೇಳಿದರು:

"ಮೇಡಂ, ಕಡೀಸಲ. ಈ ಸಲ ನಡುವ ಒಂದು ಸೆಕೆಂಡು ನಿಲ್ಸಿ ಬಿಡ್ರಿ."

ಮಾಳಿಗೆಯ ಮೇಲೆ ಚೇರ್ಮನ್

ಅದರ ಮರುದಿನ ಬೆಳಗ್ಗೆ ಹುಡುಗಿಯ ಅಪ್ಪ ಬಂದ. ಬಾಗಿಲಲ್ಲೇ ಶುರು.

"ಏನ್ರೀ ಟೀಚರ್, ನಮ್ಮ ಹುಡುಗಿಗೆ ಏನು ಕಲಸಾಕತ್ತೀರಿ? ಲಾರಿ ಮ್ಯಾಲಿಂದ ಮೂಟಿ ಇಳಿಸಿ ಇಳಿಸಿ ನನ್ನ ಬೆನ್ನು ಬಗ್ಗೇತಿ. ಯಾವುದು ಮೊದ್ಲ ಬೀಳ್ತೈತಿ ಅನ್ನೋದು ನನಗ ಗೊತ್ತಿಲ್ಲೇನ್ರಿ? ಸುಳ್ಳು ಕಲಿಸೋ ಸಾಲಿ ಬ್ಯಾಡ. ಟಿ.ಸಿ. ಬರ್ದಿಡ್ರಿ. ಸೋಮವಾರ ರಾಯದುರ್ಗದ ಇಂಗ್ಲಿಷ್ ಸಾಲಿಗೆ ಹಾಕ್ತೀನಿ."

ಚೇರ್ಮನ್ನೇ ಮಗಳನ್ನು ಕರೆದೊಯ್ದರೆ ಮಿಕ್ಕವರು ಹಿಂದೆಯೇ ಹೊರಡುತ್ತಾರೆ. ಆಮೇಲೆ ಕನ್ನಡದ ಕ್ಲಾಸಿಗೆ ಬೀಗ. ಆದರೆ ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೆ ಬೀಗದ ಚಿಂತೆ ಬರಲಿಲ್ಲ. ಎದ್ದು ನಿಂತು ಟೀಚರಿಗೇ ಸುಳ್ಳು ಅನ್ನುವ ಆ ಒಂದು ಹುಡುಗಿ ಹೋಗುತ್ತಾಳೆ ಅಂತ ಹೊಟ್ಟೆ ಉರಿಯಿತು. ಅಲ್ಲಿ ಅವಳಿಗೆ ಟೈ ಕಟ್ಟಿ, ಕೈ ಕಟ್ಟಿ ಕೂರಿಸುತ್ತಾರೆ. ನನಗೆ ಅಳು ಬರುವ ಹಾಗಾಯಿತು, ಬಂದದ್ದು ಕೂಗು.

"ಹತ್ತಿ ಮೇಲಕ್ಕೆ! ನೀವೇ ಬಿಡಿ ಕಲ್ಲ! ನಿಮ್ಮ ಕೈ, ನಿಮ್ಮ ಕಣ್ಣು. ಆಮೇಲೆ ಮಾತಾಡಿ!"

ನನ್ನ ಕೂಗಿಗೆ ಹೆದರಿದನೋ, ಮಕ್ಕಳೆಲ್ಲ ನೋಡುತ್ತಿದ್ದರೆಂದೋ, ಹತ್ತಿಯೇಬಿಟ್ಟ. ಹೆಡ್‌ಮಾಸ್ಟರ ಫೋನು ನನ್ನ ಕೈಚೀಲದೊಳಗಿತ್ತು, ಕಿತ್ತಿಟ್ಟುಕೊಂಡಿದ್ದೆ. ಈ ಸಲ ಎಲ್ಲ ಕಣ್ಣೂ ನೆಲದ ಮೇಲೆ.

ಧಪ್. ಒಂದೇ ಸದ್ದು.

"ಒಟ್ಟಿಗೇ!" ಮಕ್ಕಳು ಕುಣಿದರು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ಆತನ ಮಗಳು.

"ಸಣ್ಣದ್ನ ಮೊದ್ಲ ಬಿಟ್ಟೆ ಅನಸ್ತೈತಿ. ಕೊಡ್ರಿ ಇಲ್ಲಿ."

ಮತ್ತೆ ಧಪ್. ಮತ್ತೆ ಕೈ ಬದಲಿಸಿದ, ಧಪ್. ಕೂತು ಬಿಟ್ಟ, ನಿಂತು ಬಿಟ್ಟ, ಕಣ್ಣು ಮುಚ್ಚಿ ಬಿಟ್ಟ. ಊಟದ ಗಂಟೆ ಹೊಡೆಯಿತು, ಆತ ಇಳಿಯಲಿಲ್ಲ. ಅಡುಗೆಯವಳು ತಟ್ಟೆ ಹಿಡಿದು ಕೆಳಗೇ ನಿಂತಿದ್ದಳು. ಕೊನೆಗೆ ಬೆವರು ಒರೆಸಿಕೊಂಡು ಮೇಲಿಂದ ಬಗ್ಗಿ, ಗುಟ್ಟು ಹೇಳುವವನ ಹಾಗೆ ಹೇಳಿದ:

"ಟೀಚರ್, ಈ ದೊಡ್ಡ ಕಲ್ಲು ಸೋಮಾರಿ ಐತ್ರಿ. ಬ್ಯಾರೆ ಕೊಡ್ರಿ."

ಸೋಮವಾರ

ಬೇರೆ ಕಲ್ಲೂ ಹಾಗೇ ಬಿತ್ತು. ಆತ ಇಳಿದು ಬಂದು, ಎರಡೂ ಕಲ್ಲನ್ನು ಟವಲಿನಲ್ಲಿ ಕಟ್ಟಿಕೊಂಡ.

"ಇದು ಸರ್ಕಾರಿ ಸಾಲಿ. ಇಲ್ಲಿ ಏನೂ ಆಗ್ತೈತಿ. ಫೀಸು ತಗೊಳ್ಳೋರು ಏನಂತಾರ ಕೇಳ್ತೀನಿ. ಟಿ.ಸಿ. ಮಾತ್ರ ಬರ್ದಿಡ್ರಿ" ಅಂತ ಹೊರಟೇಹೋದ.

ಕಣ್ಣಾರೆ ಕಂಡದ್ದಕ್ಕೂ ಫೀಸು ಕೊಟ್ಟರೇ ಬೆಲೆ! ಎರಡು ದಿನ ಮನೆಯಲ್ಲಿ ಯಾರ ಜೊತೆಯೂ ನೆಟ್ಟಗೆ ಮಾತಾಡಲಿಲ್ಲ. ಸೋಮವಾರ ಮೂಲೆಯ ಬೆಂಚು ಖಾಲಿ. ಬೋರ್ಡಿನ ಮೇಲೆ ಬರೆಯುತ್ತಿದ್ದ ಸೀಮೆಸುಣ್ಣ ಎರಡು ಸಲ ಮುರಿಯಿತು.

ಮಧ್ಯಾಹ್ನ ಅಪ್ಪ ಮಗಳು ಬಿಸಿಲಲ್ಲಿ ಬರುವುದು ಕಂಡಿತು. ಹುಡುಗಿ ಯಾರನ್ನೂ ಕೇಳದೆ ಬ್ಯಾಗಿನ ಸಮೇತ ಹೋಗಿ ತನ್ನ ಬೆಂಚಿನಲ್ಲಿ ಕೂತಳು. ಆಕೆಯ ಅಪ್ಪನ ಮುಖ ಮಾತ್ರ ಕೆಂಪಗೆ, ನನ್ನ ಮುಖವನ್ನು ಕನ್ನಡಿಯಲ್ಲಿ ನೋಡಿದ ಹಾಗಿತ್ತು. ಹೆಡ್‌ಮಾಸ್ಟರು ಬರೆದಿಟ್ಟಿದ್ದ ಟಿ.ಸಿ.ಯನ್ನು ಮುಂದೆ ಚಾಚಿದರು. ಆತ ಅದನ್ನು ಕೈಯಿಂದ ಆಚೆ ತಳ್ಳಿದ.

"ಇಡ್ರೀ ಅದನ್ನ ಒಳಗ. ಟೀಚರ್, ಎಂಥಾ ಸಾಲೀರಿ ಅದು! ಟೈಲ್ಸಿನ ನೆಲ, ಗಾಜಿನ ಬಾಗಿಲು. ಸೈನ್ಸ್ ಸಾರ್ ಮುಂದ ಕಲ್ಲು ಇಟ್ಟು, ಮ್ಯಾಲೆ ಹತ್ತಿ ಒಂದ್ಸಲ ಬಿಟ್ಟು ತೋರಿಸ್ರಿ ಸಾರ್, ನಮ್ಮ ಹುಡುಗಿ ನೋಡ್ಲಿ ಅಂದೆ. ಅದು ಈಗ ಆಗಂಗಿಲ್ಲ, ಆ ಪಾಠ ಜನವರಿಗೆ ಬರ್ತೈತಿ ಅಂದ್ರು!"

"ನೀವೇನಂದ್ರಿ?"

"ಏನಂತೀನ್ರಿ, ಸಿಟ್ಟು ಬಂತು. ಕೇಳೇ ಬಿಟ್ಟೆ: ಜನವರಿತನ ನಿಮ್ಮ ಸಾಲ್ಯಾಗ ಕಲ್ಲು ಬೀಳಂಗಿಲ್ಲೇನ್ರೀ?"