ಹುಳಿಹಿಟ್ಟಿಗೆ ಒಂದು ಚಮಚ

ಆ ಶುಕ್ರವಾರ ಸಂಜೆ ಊಟದ ಮೇಜಿನ ಮುಂದೆ ಎದೆ ಸೆಟೆಸಿ ನಿಂತು ಘೋಷಿಸಿಬಿಟ್ಟೆ: "ಇನ್ನು ಮುಂದೆ ಈ ಮನೆಯಲ್ಲಿ ಬೂಷ್ಟು ತಲೆಯೆತ್ತಕೂಡದು!"

ಘೋಷಿಸುವ ಹಕ್ಕು ನನಗಿತ್ತು. ನಾನು ಪೊಟ್ಯಾಸಿಯಂ ಸೋರ್ಬೇಟ್ ಮಾರುವವನು. ಬಿಳಿ ಪುಡಿ, ನೀರಿಗೆ ಬಿದ್ದರೆ ಮಾಯ. ಕಿಲೋಗೆ ಒಂದು ಗ್ರಾಂ ಹಾಕಿದರೆ ಸಾಕು, ರುಚಿಯೂ ಕೆಡುವುದಿಲ್ಲ, ಜಾಮು, ಚೀಸು, ಸಾಸುಗಳ ಮೇಲೆ ಕೂರುವ ಮುಂಚೆ ಬೂಷ್ಟು ಮೂರು ಸಲ ಯೋಚಿಸುತ್ತದೆ! ಹನ್ನೊಂದು ವರ್ಷ ಅದರ ಗುಣಗಾನ ಮಾಡಿದ ಮಹಾನುಭಾವನ ಮನೆಯಲ್ಲೇ ಜಾಮಿನ ಬಾಟಲಿಗೆ ಹಸಿರು ಗಡ್ಡ ಬಂದರೆ ಮಾನ ಉಳಿಯುತ್ತದೆಯೇ?

ಹೆಂಡತಿ ಅಂಗಡಿಗೆ ಹೋಗಿದ್ದೇ ತಡ, ಸ್ಯಾಂಪಲ್ ಡಬ್ಬಿ ಹಿಡಿದು ಅಡುಗೆಮನೆಗೆ ನುಗ್ಗಿದೆ. ಜಾಮಿಗೊಂದು ಚಿಟಿಕೆ, ಸಾಸಿಗೊಂದು ಚಿಟಿಕೆ. ಕಿಟಕಿಯ ಬಳಿ, ಬಾಯಿಗೆ ಬಟ್ಟೆ ಕಟ್ಟಿದ ಗಾಜಿನ ಜಾಡಿ ಕಂಡಿತು. ಬ್ರೆಡ್ ಉಬ್ಬಿಸಲು ಹೆಪ್ಪಿನಂತೆ ಹಾಕುವ ಅವಳ ಹುಳಿಹಿಟ್ಟು! ಮನೆಯಲ್ಲೇ ಬ್ರೆಡ್ ಮಾಡಿ ಮಾರುವ ಅವಳಿಗೆ ಅದೇ ಪ್ರಾಣ. ಮದುವೆಯಾದಾಗ ಅವಳ ತಾಯಿ ತಮ್ಮ ಜಾಡಿಯಿಂದ ತೆಗೆದುಕೊಟ್ಟದ್ದು. ಹೊತ್ತುಹೊತ್ತಿಗೆ ಹಿಟ್ಟು, ನೀರು ಉಣಿಸಿ ಹದಿನಾಲ್ಕು ವರ್ಷ ಸಾಕಿದ್ದಾಳೆ. ನನ್ನನ್ನು ಊಟಕ್ಕೆ ಕರೆಯಲು ಮರೆತದ್ದುಂಟು, ಅದಕ್ಕೆ ಮಾತ್ರ ಒಂದು ಹೊತ್ತೂ ತಪ್ಪಿಸಿಲ್ಲ! ಸೋಮವಾರ ಕಾಲೇಜು ಕ್ಯಾಂಟೀನಿಗೆ ಅದರಿಂದಲೇ ನಲವತ್ತು ಬ್ರೆಡ್ ಹೋಗಬೇಕಿತ್ತು. ಅವಳಿಗೆ ಸಿಕ್ಕ ಮೊದಲ ದೊಡ್ಡ ಆರ್ಡರ್.

ಆ ಜಾಡಿಯ ಅಂಚಿನಲ್ಲಿ ಒಂದು ಬೂದು ಚುಕ್ಕೆ! ಇಂಥ ಅಮೂಲ್ಯ ವಸ್ತುವಿಗೆ ಚಿಟಿಕೆ ಹಾಕಿ ಜಿಪುಣತನ ಮಾಡುವುದೇ? ತುಂಬು ಚಮಚ ಸುರಿದು, ಚೆನ್ನಾಗಿ ಕಲಸಿ, ಬಟ್ಟೆ ಕಟ್ಟಿ ಕೈ ತೊಳೆದುಕೊಂಡೆ.

ಶನಿವಾರ ಬೆಳಿಗ್ಗೆ ಅಡುಗೆಮನೆಯಿಂದ ಚೀರಾಟ.

"ರೀ, ಬನ್ರೀ ಇಲ್ಲಿ! ಇದು ಉಸಿರೇ ಆಡ್ತಿಲ್ಲ!"

ದಿನವೂ ಗುಳುಗುಳು ಎಂದು ಜಾಡಿಯ ಬಾಯಿಗೆ ಬರುತ್ತಿದ್ದ ಹಿಟ್ಟು ತಳದಲ್ಲಿ ಅಂಟಿನಂತೆ ಬಿದ್ದುಕೊಂಡಿತ್ತು. ಒಂದೇ ಒಂದು ಗುಳ್ಳೆಯಿಲ್ಲ.

"ಚಳಿಗೆ ಮುದುರಿರಬೇಕು ಕಣೇ," ಎಂದೆ.

ಪಾಪ, ನಂಬಿದಳು. ಜಾಡಿಗೆ ನನ್ನ ಸ್ವೆಟರ್ ತೊಡಿಸಿ ಮಡಿಲಲ್ಲಿಟ್ಟುಕೊಂಡು ಕೂತಳು. ಮಧ್ಯಾಹ್ನವಾದರೂ ಅದು ಮಿಸುಕಲಿಲ್ಲ.

"ಹದಿನಾಲ್ಕು ವರ್ಷ ಸಾಕಿದ್ದು, ನನ್ನ ಕೈಯಲ್ಲೇ ಹೋಯ್ತಲ್ಲ. ಅಮ್ಮನಿಗೆ ಏನಂತ ಹೇಳ್ಲಿ?" ಎಂದು ಅವಳು ಕಣ್ಣೊರೆಸಿಕೊಂಡಳು. ನಾನು ಬಾಲ್ಕನಿಗೆ ಓಡಿ ನಮ್ಮ ಕಂಪನಿಯ ಕೆಮಿಸ್ಟಿಗೆ ಫೋನು ಮಾಡಿ, ಗಾಬರಿಯಲ್ಲಿ ಸ್ಪೀಕರ್ ಒತ್ತಿದ್ದೂ ತಿಳಿಯದೆ ಪಿಸುಗುಟ್ಟಿದೆ.

ಆತ ಪಿಸುಗುಟ್ಟಲಿಲ್ಲ. "ಹುಳಿಹಿಟ್ಟಿಗೆ ಸೋರ್ಬೇಟಾ! ಸರ್, ಅದು ಬೂಷ್ಟನ್ನಷ್ಟೇ ಅಲ್ಲ, ಯೀಸ್ಟನ್ನೂ ಏಳೋಕೆ ಬಿಡಲ್ಲ. ಅದರಲ್ಲೂ ಹುಳಿ ಇದ್ದ ಕಡೆ ಅದರ ಆರ್ಭಟ ಇನ್ನೂ ಜಾಸ್ತಿ. ಸಿಹಿ ವೈನು ಮತ್ತೆ ಹುದುಗಬಾರದು ಅಂತ ನೀವೇ ತಾನೆ ಮಾರ್ತೀರಿ!"

ತಿರುಗಿದರೆ ಹೆಂಡತಿ ಬಾಗಿಲಲ್ಲಿ.

"ಎಷ್ಟು ಹಾಕಿದ್ರಿ?"

"ಒಂದು ಚಮಚ."

"ಟೀ ಚಮಚಾನಾ?"

"ಸೌಟಿನ ಹತ್ತಿರದ ಸಂಬಂಧಿ."

"ಅಯ್ಯೋ ನನ್ನ ಕರ್ಮವೇ!"

"ಪ್ರೀತಿಯಿಂದ ಹಾಕಿದ್ದು ಕಣೇ!"

"ಸದ್ಯ, ನನ್ನ ಮೇಲೆ ನಿಮಗೆ ಅಷ್ಟು ಪ್ರೀತಿ ಇಲ್ವಲ್ಲ, ಬದುಕಿಕೊಂಡೆ!"

ಸುದ್ದಿ ಕೇಳಿದ ಅತ್ತೆ ಸಂಜೆಯ ಬಸ್ಸಿಗೇ ಬಂದಿಳಿದರು. ತೊಡೆಯ ಮೇಲೆ ಎರಡು ಗಂಟೆ ಕೂತು ಬಂದ ಅವರ ಜಾಡಿಯೊಳಗೆ ಹಿಟ್ಟು ಬಟ್ಟೆಯನ್ನೇ ಮೇಲೆತ್ತಿ ಇಣುಕುತ್ತಿತ್ತು.

"ಇವತ್ತು ಉಣಿಸು, ನಾಳೆ ಕಲಸು. ಸೋಮವಾರ ನಲವತ್ತಲ್ಲ, ಐವತ್ತು ಬ್ರೆಡ್ ಕಳಿಸು," ಎಂದರು ಮಗಳಿಗೆ. ಅವಳ ಮುಖ ಅರಳಿತು. ನನಗೂ ಹೋದ ಜೀವ ಬಂತು. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿರಬೇಕಿತ್ತು.

"ಅಳಿಯಂದ್ರೇ, ನಿಮ್ಮ ಪುಡಿ ಇದನ್ನ ಕೊಂದೇಬಿಡ್ತಾ?" ಎಂದು ಹಳೆಯ ಜಾಡಿ ತೋರಿಸಿ ಕೇಳಿದರು.

ಕಂಪನಿಯ ಮರ್ಯಾದೆಯ ಪ್ರಶ್ನೆ! ನನ್ನೊಳಗಿನ ಸೇಲ್ಸ್‌ಮನ್ ಎದ್ದು ನಿಂತ.

"ಛೆ ಛೆ, ಕೊಲ್ಲೋ ಜಾತಿಯೇ ಅಲ್ಲ ಅತ್ತೆ! ಜೀವ ಇರುತ್ತೆ, ಬೆಳವಣಿಗೆ ಮಾತ್ರ ನಿಂತುಹೋಗುತ್ತೆ. ಎಷ್ಟು ವರ್ಷ ಕಳೆದರೂ ಹೇಗಿತ್ತೋ ಹಾಗೇ!"

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಮಗಳ ಕಡೆ ತಿರುಗಿದರು.

"ಮದುವೆಗೆ ಮುಂಚೆ ಸರಿಯಾಗಿ ವಿಚಾರಿಸಬೇಕಿತ್ತು ಕಣೇ. ಇವರಿಗೆ ಚಿಕ್ಕಂದಿನಲ್ಲೇ ಯಾರೋ ಒಂದು ಚಮಚ ಹಾಕಿಬಿಟ್ಟಿದ್ದಾರೆ!"