ಬಿತ್ತನೆ ಬತ್ತಕ್ಕೆ ಸೀಮೆಎಣ್ಣೆ ಸ್ನಾನ

ಸೊಳ್ಳೆಯನ್ನು ಸೋಲಿಸುವುದು ಅಂಥ ದೊಡ್ಡ ಕೆಲಸವಲ್ಲ ಎಂದು ನಾನು ಒಂದು ಮಧ್ಯಾಹ್ನದ ಮಟ್ಟಿಗೆ ನಂಬಿದ್ದೆ.

ಎರಡನೆಯ ಮಹಾಯುದ್ಧದ ಕಾಲ, ಸೀಮೆಎಣ್ಣೆ ಸಿಗುವುದೇ ಕಷ್ಟ. ಕೆರಗೋಡಿನ ನಮ್ಮ ಗದ್ದೆಗಳಿಗೆ ನಾಲೆಯ ನೀರು ಬಂದಿತ್ತು. ನೀರಿನ ಹಿಂದೆಯೇ ಚಳಿಜ್ವರವೂ ಬಂದಿತ್ತು. ನನ್ನ ಹೆಂಡತಿ ನಿಂಗಮ್ಮನಿಗೆ ಅದು ವರ್ಷಕ್ಕೊಮ್ಮೆ ತಪ್ಪದೆ ಬರುವ ನೆಂಟ. ಹಿಂದಿನ ವರ್ಷ ನಾಟಿ ಹಾಕುತ್ತಲೇ ನಡುಗಿ ಕೆಸರಿನಲ್ಲಿ ಕುಸಿದಿದ್ದಳು. ಈ ಸಲ ಜ್ವರವನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟೆ.

ಮಂಡ್ಯದಿಂದ ಬಂದ ಹೆಲ್ತ್ ಇನ್ಸ್‌ಪೆಕ್ಟರು ಚಾವಡಿಯಲ್ಲಿ ನಮ್ಮನ್ನೆಲ್ಲ ಕೂರಿಸಿ ಹೇಳಿದರು: ನಿಂತ ನೀರಿನಲ್ಲೇ ಸೊಳ್ಳೆ ಮರಿಯಾಗುವುದು, ಚೆಲ್ಲುವಂಥದ್ದನ್ನು ಚೆಲ್ಲಿ, ಚೆಲ್ಲಲಾಗದ ಗುಂಡಿಗೆ ಒಂದು ಚಮಚ ಸೀಮೆಎಣ್ಣೆ ಬಿಡಿ. ನಾನು ಲೋಯರ್ ಸೆಕೆಂಡರಿ ಓದಿದವನು. ಚಮಚಕ್ಕೆ ಸಾಯುವ ಸೊಳ್ಳೆ ಸೌಟಿಗೆ ವಂಶಸಮೇತ ನಾಶವಾಗಬೇಕು ಎಂಬುದು ಕೂಡಲೇ ಹೊಳೆಯಿತು.

ನಿಂಗಮ್ಮ ಕಬ್ಬಿನ ಕಳೆ ಕೀಳಲು ಹೋಗಿದ್ದಳು. ದೀಪಕ್ಕೆಂದು ಅವಳು ಜೋಪಾನ ಮಾಡಿದ್ದ ಸೀಮೆಎಣ್ಣೆ ಡಬ್ಬ ಎತ್ತಿಕೊಂಡು ಹಿತ್ತಿಲಿಗೆ ಹೊರಟೆ. ಬಚ್ಚಲ ಗುಂಡಿಗೆ ಎರಡು ಸೌಟು. ಎಮ್ಮೆಯ ಕಲಗಚ್ಚಿನ ಬಾನಿಗೆ ಎರಡು ಸೌಟು.

ಗೋಡೆಯಾಚೆಯಿಂದ ಪಕ್ಕದ ಮನೆಯ ಚಿಕ್ಕಯ್ಯ ಇಣುಕಿದ. "ಏನ್ಲಾ, ಮನೆಗೆ ಬೆಂಕಿ ಇಕ್ತೀಯಾ?"

"ಇಲ್ಲ ಕಣ್ಲಾ, ಸೊಳ್ಳೆ ಕೊಲ್ತೀನಿ."

"ಇಷ್ಟು ಎಣ್ಣೆ ಸುರಿಯೋದ್ಕಿಂತ ಬೆಂಕಿನೇ ವಾಸಿ ಕಣ್ಲಾ."

ಅಜ್ಞಾನಿಗಳ ಜೊತೆ ವಾದವೇಕೆ ಎಂದು ಕೊಟ್ಟಿಗೆಗೆ ಹೋದೆ. ಕತ್ತಲ ಮೂಲೆಯಲ್ಲಿ ಗೋಣಿ ಮುಚ್ಚಿದ ಇನ್ನೊಂದು ಬಾನಿ. ಗೋಣಿ ಸರಿಸಿದರೆ ಕಂಠದವರೆಗೆ ನೀರು! ಮುಚ್ಚಿದ ಬಾನಿಯೊಳಗೆ ನುಸುಳುವ ಸೊಳ್ಳೆ ಎಂಥ ಖದೀಮ ಸೊಳ್ಳೆಯಿರಬೇಕು? ಡಬ್ಬವನ್ನೇ ಬಗ್ಗಿಸಿದೆ.

ಬರಿದಾದ ಡಬ್ಬವನ್ನು ಬೇಲಿಯ ಬದಿಗೆ ಎಸೆದು, ಜಗಲಿಯ ಮೇಲೆ ಕೂತು ನಿಂಗಮ್ಮನ ಹೊಗಳಿಕೆಗೆ ಕಾದೆ.

ಅವಳು ಎಮ್ಮೆ ಹೊಡೆದುಕೊಂಡು ಬಂದಳು. ಮೊದಲು ಎಮ್ಮೆ ಬಾನಿಯನ್ನು ಮೂಸಿ, ತಲೆ ಎತ್ತಿ ನನ್ನನ್ನೇ ನೋಡಿತು. ಆಮೇಲೆ ಕೊಟ್ಟಿಗೆಯಿಂದ ದನಿ ಬಂತು.

"ಈ ಬಾನಿಗ್ಯಾಕೆ ಉಯ್ದ್ರಿ?"

"ನೀರು ನಿಂತಿತ್ತು."

"ಅದ್ರೊಳ್ಗೆ ಬಿತ್ನೆ ಬತ್ತ ನೆನೆ ಆಕಿದ್ದೆ. ಕೈ ಆಕಿ ನೋಡಕ್ಕೂ ಆಗ್ಲಿಲ್ವಾ?"

ಎದ್ದು ಹೋಗಿ ಈಗ ಕೈ ಹಾಕಿ ನೋಡಿದೆ. ಎಣ್ಣೆ ಮೆತ್ತಿದ ನನ್ನ ಕೈಯನ್ನು ಅವಳು ಮೂಸಿದಳು. "ಎಣ್ಣೆ ಒತ್ತಿದ್ದು ಆಯ್ತಲ್ಲ, ಸೀಗೆಪುಡಿ ತನ್ನಿ. ಸ್ನಾನನೂ ಮಾಡ್ಸನ."

ಹೊತ್ತು ಮುಳುಗುವವರೆಗೆ ಇಬ್ಬರೂ ಕೂತು ಬತ್ತಕ್ಕೆ ಸೀಗೆಪುಡಿ ಹಾಕಿ ತಿಕ್ಕಿದೆವು. ಯಾವ ಮದುವಣಗಿತ್ತಿಗೂ ಅಂಥ ಮಜ್ಜನ ಆಗಿರಲಿಕ್ಕಿಲ್ಲ. ಆದರೂ ಅರ್ಧ ಬತ್ತ ಮೊಳೆಯಲೇ ಇಲ್ಲ. ಎಮ್ಮೆ ಎರಡು ದಿನ ಹಾಲು ಬಿಗಿಹಿಡಿಯಿತು. ದೀಪಕ್ಕೆ ಎಣ್ಣೆಯಿಲ್ಲದೆ ಬೆಳಕಿರುವಾಗಲೇ ಉಂಡು ಮಲಗಿದೆವು. ಕೊನೆಗೆ ಚಿಕ್ಕಯ್ಯ ತನ್ನ ಗದ್ದೆಯಲ್ಲಿ ಮಿಕ್ಕ ಪೈರನ್ನು ಕೊಟ್ಟ. "ಇದ್ಕೆ ಎಣ್ಣೆ ಒಗ್ಗಕಿಲ್ಲ ಕಣ್ಲಾ, ಬರೀ ನೀರು ಬುಡು" ಎಂದು ಎಚ್ಚರಿಸಿಯೇ ಕೊಟ್ಟ.

ನಾಟಿಯ ಮೂರನೆಯ ದಿನ ನಿಂಗಮ್ಮನಿಗೆ ಚಳಿ ಬಂತು. ಮಾತು ಕೊಟ್ಟವನು ಎರಡು ಕಂಬಳಿ ಹೊದಿಸಿ ಪಕ್ಕದಲ್ಲಿ ಕೂತೆ. ಕ್ವಿನೈನ್ ಕೊಡಲು ಬಂದ ಇನ್ಸ್‌ಪೆಕ್ಟರು ಹಿತ್ತಿಲು ಸುತ್ತಿ, ಬೇಲಿಯ ಬದಿಯಿಂದ ಡಬ್ಬವೊಂದನ್ನು ಎತ್ತಿ ತಂದರು. ಅದೇ ಸೀಮೆಎಣ್ಣೆ ಡಬ್ಬ. ಮಳೆನೀರು ತುಂಬಿ ಎಣ್ಣೆಯೆಲ್ಲ ತುಳುಕಿ ಹೋಗಿತ್ತು. ಒಳಗೆ ನೂರಾರು ಮರಿಗಳು ಕುಣಿಯುತ್ತಿದ್ದವು.

"ಇದನ್ನು ಎಸೆದವರು ಯಾರು?" ಎಂದರು.

ಕಂಬಳಿಯೊಳಗಿಂದ ಹಲ್ಲು ಕಟಕಟಿಸುತ್ತ ನಿಂಗಮ್ಮ ಅಂದಳು: "ಬಯ್ಬೇಡಿ ಸ್ವಾಮಿ. ನಮ್ಮನೆಯವ್ರು ಸೊಳ್ಳೆ ಸಾಕೋದ್ರಲ್ಲಿ ಬಲು ಉಸಾರು." ಆ ನಡುಕದಲ್ಲೂ ನಕ್ಕಳು.

ಕ್ವಿನೈನ್ ಕುಡಿದು ಎದ್ದಳು. ಆಮೇಲೆ ಬಹಳ ವರ್ಷ ನನ್ನನ್ನು ಬಯ್ಯುತ್ತ ಬದುಕಿದಳು. ಹೋದ ಮಾಗಿಯಲ್ಲಿ ತೀರಿಕೊಂಡಳು.

ಎತ್ತುಗಳಿಗೆ ಬಿಡುವೆಂದು ನೇಗಿಲು ಕಟ್ಟದ ಸೋಮವಾರಗಳಲ್ಲಿ ಹಿತ್ತಿಲಿನ ನಿಂತ ನೀರನ್ನೆಲ್ಲ ಚೆಲ್ಲಿ ಪಾತ್ರೆಗಳನ್ನು ಬೋರಲು ಹಾಕುವುದು ಅಂದಿನಿಂದ ನನ್ನ ವ್ರತ. ಮೊನ್ನೆ ಸೋಮವಾರ ಕೊಟ್ಟಿಗೆಯ ಬಾನಿಯನ್ನೂ ಉರುಳಿಸಿದೆ. ನೀರಿನೊಂದಿಗೆ ಸೊಸೆ ನೆನೆ ಹಾಕಿದ್ದ ಬಿತ್ತನೆ ಬತ್ತವೂ ಸಗಣಿ ನೆಲದ ಮೇಲೆ ಹರಡಿತು. ನಾನು ತಲೆ ತಗ್ಗಿಸಿ, ಬೈಗುಳಕ್ಕೆ ಕಾಯುತ್ತ ನಿಂತೆ.

ಸೊಸೆ ಬಂದು ನೋಡಿ, "ಓಗ್ಲಿ ಬುಡಿ ಮಾವ" ಎಂದು ಮೆಲ್ಲಗೆ ಬಾಚತೊಡಗಿದಳು.

ಇಂಥ ತಪ್ಪಿಗೆ ಅಷ್ಟಕ್ಕೇ ಬಿಡುವುದೇ? ಜಗಲಿಗೆ ಬಂದು ನನಗೆ ನಾನೇ ನಾಲ್ಕು ಮಾತು ಬೈದುಕೊಂಡೆ. ಅದೂ ನಿಂಗಮ್ಮನಷ್ಟು ಚೆನ್ನಾಗಿ ಬರಲಿಲ್ಲ.