ತನ್ನನ್ನೇ ಕಚ್ಚಿಕೊಂಡ ಹಾವು

ಹಾವು ತೂಗುವ ಪಂದ್ಯದ ದಿನ ಬೆಳಿಗ್ಗೆಯೇ ಆರ್ವಿಲ್ ಟ್ಯಾಕೆಟ್‌ನ ಗಿಲಕಿ ಹಾವು ತನ್ನನ್ನು ತಾನೇ ಕಚ್ಚಿಕೊಂಡಿತು. ನಮ್ಮ ಪಶ್ಚಿಮ ಟೆಕ್ಸಾಸಿನಲ್ಲಿ ಅಂಥ ಹಾವು ಮತ್ತೆ ಹುಟ್ಟಲಾರದು. ಅದು ಬಾಲ ಅಲುಗಿಸಿದರೆ ಮೂರು ಮೈಲಿಯಾಚೆ ಪಾದ್ರಿಗಳು ಗಂಟೆ ಹೊಡೆಯಿತೆಂದು ಪ್ರಸಂಗ ನಿಲ್ಲಿಸುತ್ತಿದ್ದರು. ಪೆಟ್ಟಿಗೆಯೊಳಗೆ ಅದನ್ನು ಸರಿಸಲು ಆರ್ವಿಲ್ ಕೊಕ್ಕೆ ಚಾಚಿದ. ಅದು ಕೊಕ್ಕೆಗೆ ಬಾಯಿ ಹಾಕಿ, ಗುರಿ ತಪ್ಪಿ, ತನ್ನ ನಡುವಿಗೇ ಹಲ್ಲೂರಿತು.

ಅತಿ ಭಾರದ ಹಾವು ತಂದು ಗೆದ್ದವರಿಗೆ ಕೊಡುವ ಬೆಳ್ಳಿಯ ಬೆಲ್ಟ್ ಬಕಲ್ ಹನ್ನೊಂದು ವರ್ಷದಿಂದ ಆರ್ವಿಲ್‌ನ ಹೆಂಡತಿಯ ತಮ್ಮ ಡಬ್‌ನ ಸೊಂಟದಲ್ಲೇ ಇತ್ತು. ಈ ಸಲ ಅದನ್ನು ಕಸಿಯಬೇಕಿತ್ತು. ಆದರೆ ಸತ್ತ ಹಾವನ್ನು ತೂಗುವುದಿಲ್ಲವೆಂಬುದು ಪಂದ್ಯದ ನಿಯಮ.

ಪಕ್ಕದ ಮನೆಯ ಲರ್ಲೀನಜ್ಜಿ ಬೇಲಿಯ ಮೇಲಿಂದ ಇಣುಕಿದಳು. ನಲವತ್ತು ವರ್ಷ ಹಾವು ಹಿಡಿದ ಕೈ ಅವಳದು.

"ಏನೂ ಆಗಲ್ಲ ಕಣೋ. ಅದರ ವಿಷಕ್ಕೆ ಮದ್ದು ಅದರ ರಕ್ತದಲ್ಲೇ ಇರತ್ತೆ. ಸುಮ್ನೆ ಬಿಡು."

ಅಷ್ಟರಲ್ಲಿ ಡಬ್ ಬಂದ. "ಅಯ್ಯೋ ಭಾವ! ಮಧ್ಯಾಹ್ನದೊಳಗೆ ಗೊಟಕ್! ಬೇಗ ಐಸ್‌ನಲ್ಲಿಡಿ, ವಿಷ ಏರಲ್ಲ."

"ಅವನ ಮಾತು ಕೇಳ್ತೀಯಾ? ಅವನ ಹಾವೂ ಇವತ್ತೇ ತೂಕಕ್ಕಿರೋದು!"

"ನಮ್ಮನೆಯವಳ ತಮ್ಮ ಕಣಜ್ಜಿ, ಮೋಸ ಮಾಡ್ತಾನಾ?" ಎಂದ ಆರ್ವಿಲ್, ಬಿಯರ್ ಡಬ್ಬಿಗಳನ್ನೆಲ್ಲ ಹೊರಗೆಸೆದು ಹಾವನ್ನು ಐಸ್ ಪೆಟ್ಟಿಗೆಯಲ್ಲಿ ಮಲಗಿಸಿದ.

ಮಧ್ಯಾಹ್ನ ಮೈದಾನದಲ್ಲಿ ಅದನ್ನು ತಕ್ಕಡಿಯ ಮೇಲಿಟ್ಟಾಗ ಒನಕೆ ಇಟ್ಟಂತೆ ಟಣ್ಣೆಂದಿತು. ತೀರ್ಪುಗಾರ ಗ್ರೇಡಿ ಕೋಲಿನಿಂದ ತಿವಿದ. "ಸತ್ತಿದೆ."

"ಚಳಿಗೆ ಮರಗಟ್ಟಿದೆ ಸ್ವಾಮಿ, ಅಷ್ಟೆ!"

"ಹಾಗಾದ್ರೆ ಬಡಗಿ ಹತ್ರ ತಗೊಂಡ್ಹೋಗು."

ಮೂವರು ತೀರ್ಪುಗಾರರೂ ಡಬ್‌ನ ಕೈಯೆತ್ತಿ ಹಿಡಿದರು. ಡಬ್ ಭಾಷಣಕ್ಕೆ ನಿಂತ. ಅವನ ಭಾಷಣ ಕೇಳುತ್ತ ಎರಡು ಹಸುಗಳು ಗಬ್ಬವಾಗಿ ಕರು ಹಾಕಿದವು. ಅಷ್ಟು ಹೊತ್ತೂ ತಕ್ಕಡಿಯ ಕಬ್ಬಿಣ ಬಿಸಿಲಿಗೆ ಕಾಯುತ್ತಲೇ ಇತ್ತು. ಒನಕೆ ಮೆತ್ತಗಾಯಿತು. ಸುತ್ತಿಕೊಂಡಿತು. ಹೆಡೆಯಿಲ್ಲದ ತಲೆಯೆತ್ತಿ ಗಿಲಕಿ ಅಲುಗಿಸಿತು.

ಒಂದೇ ಕ್ಷಣದಲ್ಲಿ ನಾನೂರು ಜನ ಒಂದೇ ಲಾರಿ ಹತ್ತಿದರು. ತೀರ್ಪುಗಾರರು ನೀರಿನ ಟ್ಯಾಂಕಿನ ನೆತ್ತಿಯಲ್ಲಿದ್ದರು. ಅವರ ಹೆಗಲ ಮೇಲೆ ಡಬ್ ಇದ್ದ.

"ಬದುಕಿದೆ! ಹತ್ತೊಂಬತ್ತು ಪೌಂಡು!" ಎಂದು ಆರ್ವಿಲ್ ಕುಣಿದ. "ಬಂದು ನೋಡಿ!"

"ಇಲ್ಲಿಂದ ತಕ್ಕಡಿ ಮುಳ್ಳು ಕಾಣಲ್ಲಪ್ಪ," ಎಂದು ಗ್ರೇಡಿ ಮೇಲಿನಿಂದ ಕೂಗಿದ. "ಮೂವರೂ ಹತ್ರ ನಿಂತು ಓದಿದ್ರೆ ಮಾತ್ರ ತೂಕ ಲೆಕ್ಕಕ್ಕೆ."

"ಹಾಗಾದ್ರೆ ಇಳಿದು ಬನ್ನಿ!"

"ಈಗಲೇ ಬರ್ತೀವಿ. ಮೊದಲು ಆ ಹಾವನ್ನ ತಕ್ಕಡಿಯಿಂದ ಇಳಿಸು!"